ಮಗುವಿನ ಹಠ, ನಮ್ಮ ಮಾನ



ಎರಡು ವರ್ಷಗಳಿಗೊಮ್ಮೆ ಜರುಗುವ ಶಿರಸಿಯ ಮಾರಿಕಾಂಬಾ ಜಾತ್ರೆಯ ಅಂಗಡಿಸಾಲನ್ನು ನೋಡಲು ನಿಲ್ಕುಂದದಿಂದ ಬಸ್ಸು ಹತ್ತಿ ಹೋಗುವ ತಂದೆತಾಯಂದಿರೆಲ್ಲರೂ ಈ ದೃಶ್ಯವನ್ನು ಬಲ್ಲರು. ಆಟಿಕೆಯ ಅಂಗಡಿಯ ಮುಂದೆ ಮೂರು ವರ್ಷದ ಮಗು ನೆಲಕ್ಕೆ ಬಿದ್ದು ಹೊರಳಾಡುತ್ತದೆ. ಜನರು ನಿಂತು ನೋಡುತ್ತಾರೆ. ಆಗ ನಾವು ಬೇಡಿದ್ದನ್ನು ಕೊಡಿಸಿ ಬಾಯಿ ಮುಚ್ಚಿಸುತ್ತೇವೆ, ಇಲ್ಲವೇ ಬೆನ್ನಿಗೆರಡು ಬಿಗಿಯುತ್ತೇವೆ. ಆ ಏಟು ಮಗುವನ್ನು ತಿದ್ದುವುದಕ್ಕೋ, ನಮ್ಮ ಮಾನ ಉಳಿಸಿಕೊಳ್ಳುವುದಕ್ಕೋ?

ನಮ್ಮ ಮನೆಯಲ್ಲಿಯೂ ಹೀಗೆ ನಡೆದಿದೆ. ಏಟು ತಿಂದ ಮಗು ಬಿಕ್ಕುತ್ತಾ, ಹೊಡೆದ ಕೈಯನ್ನೇ ಹಿಡಿದುಕೊಂಡು ನಡೆದುಬಂದಿತು. ಅಂದು ನಮಗೆ ನಾಚಿಕೆಯಾದದ್ದು ನೋಡಿದ ಜನರಿಂದಲ್ಲ.

ಒಂದರಿಂದ ನಾಲ್ಕು ವರ್ಷದವರೆಗಿನ ಮಕ್ಕಳಲ್ಲಿ ಇಂತಹ ರಂಪ ಸಹಜವಾದುದು. ಅವರಲ್ಲಿ ಆಸೆ ಬೆಳೆದಿರುತ್ತದೆ, ಅದನ್ನು ಹೇಳುವ ಮಾತು ಬೆಳೆದಿರುವುದಿಲ್ಲ. ಕೋಪವನ್ನು ಹತೋಟಿಯಲ್ಲಿಡುವ ಮಿದುಳಿನ ಮುಂಭಾಗವೂ ಇನ್ನೂ ಎಳೆಯದು. ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ಲಾರೆನ್ಸ್ ಗುಡ್‌ಎನಫ್ ಅವರು ತಾಯಂದಿರು ಬರೆದಿಟ್ಟ ದಿನಚರಿಗಳನ್ನು ಪರಿಶೀಲಿಸಿ 1931ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಹೆಚ್ಚಿನ ರಂಪಗಳು ಐದು ನಿಮಿಷಗಳೊಳಗೆ ಅಡಗಿದ್ದವು. ಊಟದ ಮತ್ತು ನಿದ್ರೆಯ ಹೊತ್ತು ಸಮೀಪಿಸಿದಾಗ ಹೆಚ್ಚಿದ್ದವು.

ಆದುದರಿಂದ ಹೊರಡುವ ಮುನ್ನ ಮಗುವಿಗೆ ಉಣಿಸೋಣ, ಸಾಕಷ್ಟು ನಿದ್ರೆಗೂ ಬಿಡೋಣ. ಏನನ್ನು ಕೊಡಿಸುವೆವೆಂಬುದನ್ನು ಮನೆಯಲ್ಲಿಯೇ ಹೇಳಿಬಿಡೋಣ. ಹಠ ಆರಂಭವಾದರೆ ಗುಂಪಿನಿಂದ ಪಕ್ಕಕ್ಕೆ ಎತ್ತಿಕೊಂಡು ಹೋಗಿ, ಬಳಿಯಲ್ಲೇ ಕುಳಿತು, ಮೆಲುದನಿಯಲ್ಲಿ ಎರಡು ಮಾತನಾಡಿ ಕಾಯೋಣ. ಇಲ್ಲವೆಂದುದು ಇಲ್ಲವೆಂದೇ ಉಳಿಯಲಿ; ಇಂದು ಅಳುವಿಗೆ ಮಣಿದರೆ ನಾಳೆ ಅದೇ ಅಳು ದೊಡ್ಡದಾಗುತ್ತದೆ. ಅಳು ನಿಂತ ಮೇಲೆ ಅಪ್ಪಿಕೊಳ್ಳೋಣ. ಮುಗಿದುದನ್ನು ಮತ್ತೆ ಕೆದಕುವುದು ಬೇಡ.

ಇನ್ನು ನೋಡುವವರ ಕರ್ತವ್ಯವೂ ಒಂದಿದೆ. 2014ರ ಜನವರಿಯಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ವ್ಯಾಟಿಕನ್ನಿನ ಸಿಸ್ಟೈನ್ ಪ್ರಾರ್ಥನಾಲಯದಲ್ಲಿ 32 ಶಿಶುಗಳಿಗೆ ದೀಕ್ಷಾಸ್ನಾನವನ್ನು ನೀಡಿದಾಗ, ಹಸಿದ ಶಿಶುಗಳಿಗೆ ಅಲ್ಲಿಯೇ ಸಂಕೋಚವಿಲ್ಲದೆ ಹಾಲೂಡಿಸುವಂತೆ ತಾಯಂದಿರಿಗೆ ಹೇಳಿದರು. ನಾವಾದರೋ ಬಲಿಪೂಜೆಯ ನಡುವೆ ಮಗುವೊಂದು ಅತ್ತರೆ ತಿರುಗಿ ತಿರುಗಿ ನೋಡುತ್ತೇವೆ. ಆ ನೋಟವೇ ಹೊರಗೆ ಹೋದ ತಾಯಿಯ ಕೈಯಲ್ಲಿ ಏಟಾಗುತ್ತದೆ.

ಈ ದೇವಾಲಯದ ಗೋಡೆಗಳು ನೂರು ವರ್ಷಗಳಿಂದ ಮಕ್ಕಳ ಅಳುವನ್ನು ಕೇಳಿವೆ. ಹಾಗೆ ಅತ್ತವರಲ್ಲಿ ನಾವೂ ಇದ್ದೆವು. ಮುಂದಿನ ಭಾನುವಾರ ಮಗುವೊಂದು ಅತ್ತಾಗ ಕಣ್ಣು ಕೆಂಪಗೆ ಮಾಡದೆ, ಆ ತಾಯಿಗೆ ಬೆಂಚಿನಲ್ಲಿ ಸ್ವಲ್ಪ ಜಾಗ ಬಿಡೋಣ.