ಇಂಗ್ಲಿಷ್ ಪ್ರಬಂಧದ ಪಾಠ
(ನಮ್ಮ ಉಚಿತ ವಾಚನಾಲಯದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಿಂತು ಮಾತಾಡುವ ರೂಢಿ ನಮಗಿಲ್ಲ. ಪತ್ರಿಕೆಗಳನ್ನು ಜೋಡಿಸಿಡುವುದು, ಪುಸ್ತಕಗಳನ್ನು ದಾಖಲು ಮಾಡುವುದು, ರಾತ್ರಿ ಒಂಬತ್ತಕ್ಕೆ ದೀಪ ಆರಿಸಿ ಬಾಗಿಲು ಹಾಕುವುದು, ಇವು ನಮ್ಮ ಪಾಲಿಗೆ ಬಂದ ಸೇವೆ. ಆದರೆ ಕಳೆದ ಮಳೆಗಾಲದಲ್ಲಿ ಈ ವಾಚನಾಲಯದ ನಾವು ನಾಲ್ವರು ಕೂಡಿ, ಅಮೇರಿಕೆಯ ಕಾಲೇಜುಗಳಲ್ಲಿ ಮೊದಲ ವರ್ಷದವರಿಗೆ ಕಲಿಸುವ ಇಂಗ್ಲಿಷ್ ಪ್ರಬಂಧ-ರಚನೆಯ ಪಾಠಗಳನ್ನು ಆನ್‌ಲೈನಿನಲ್ಲಿ ಓದಿ ಮುಗಿಸಿದೆವು. ಕಲಿತದ್ದನ್ನು ನಾಲ್ಕು ಜನರ ಮುಂದೆ ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ಹಾಗೆಂದೇ ಈ ನಾಲ್ಕು ಮಾತು.

ನಾವು ನಾಲ್ವರೆಂದರೆ, ಗಿರಣಿಯ ಕಾರಕೂನರು ಇಬ್ಬರು, ಮಗ್ಗದ ಜಾಬರರೊಬ್ಬರು, ಬಟ್ಟೆ ಅಂಗಡಿಯಲ್ಲಿ ಬಿಲ್ಲು ಬರೆಯುವ ತಂಗಿಯೊಬ್ಬಳು. ಎಲ್ಲರದೂ ಮೆಟ್ರಿಕ್ಕಿಗೆ ನಿಂತ ಓದು, ಅದೂ ಕನ್ನಡ ಶಾಲೆಯಲ್ಲಿ. ಸೊಲ್ಲಾಪುರದಲ್ಲಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಮನೆಯ ಮಾತು ಕನ್ನಡ, ಬೀದಿಯ ಮಾತು ಮರಾಠಿ, ಮಗ್ಗದ ಷೆಡ್ಡಿನಲ್ಲಿ ಅರ್ಧ ಜನರದು ತೆಲುಗು. ಈ ಮೂರರಲ್ಲಿಯೂ ಜಗಳವಾಡಲು ಬರುವ ಮನುಷ್ಯನಿಗೆ ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆಯಬೇಕಾದರೆ ಕೈ ನಡುಗುತ್ತದೆ. ನಮ್ಮ ಊರಿನ ಟಾವೆಲು ದೇಶಾಂತರಕ್ಕೆ ಹೋಗುತ್ತದೆ. ಅದರ ಹಿಂದೆ ಹೋಗುವ ಕಾಗದ ಇಂಗ್ಲಿಷಿನದು. ಆ ಕಾಗದ ಬರೆಯಬಲ್ಲವನು ಮೇಲಿನ ಮೇಜಿಗೆ ಹೋಗುತ್ತಾನೆ. ಬರೆಯಲಾರದವನು ಇಪ್ಪತ್ತು ವರ್ಷ ಅದೇ ಕುರ್ಚಿಯಲ್ಲಿ ಕೂಡುತ್ತಾನೆ. ಕಾಲೇಜಿಗೆ ಹೆಸರು ಹಚ್ಚಿ, ಇಂಗ್ಲಿಷಿಗೆ ಹೆದರಿ ಮೊದಲ ವರ್ಷವೇ ಬಿಟ್ಟು ಬಂದ ತರುಣರು ಈ ಸಭೆಯಲ್ಲಿಯೂ ಇರಬಹುದು. ಅವರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತೇವೆ.

ಮೊದಲು, ಇದು ಎಂತಹ ಪಾಠವೆಂಬುದನ್ನು ಹೇಳಬೇಕು. ಅಮೇರಿಕೆಯಲ್ಲಿ ಎಂಜಿನಿಯರನಾಗಲಿರುವವನಿರಲಿ, ದಾದಿಯಾಗಲಿರುವವಳಿರಲಿ, ಕಾಲೇಜಿಗೆ ಕಾಲಿಟ್ಟ ಬಹುತೇಕ ಎಲ್ಲರೂ ಮೊದಲ ವರ್ಷದಲ್ಲಿ ಪ್ರಬಂಧ-ರಚನೆಯನ್ನು ಕಲಿಯಬೇಕು. ಸಾಮಾನ್ಯವಾಗಿ ಅದು ಸುಮಾರು 15 ವಾರಗಳ ಒಂದು ಸತ್ರ. ಅನೇಕ ಕಡೆ ಎರಡು ಸತ್ರ. ನಾಲ್ಕೈದು ಪ್ರಬಂಧ ಬರೆಯಬೇಕು. ಇದರಲ್ಲಿ ಷೇಕ್ಸ್‌ಪಿಯರನ ನಾಟಕಕ್ಕಿಂತ, ವಿದ್ಯಾರ್ಥಿ ತಾನೇ ಬರೆದದ್ದು ಮುಖ್ಯ ಪಠ್ಯವಾಗಿರುತ್ತದೆ.

ಇಂಗ್ಲಿಷನ್ನೇ ತಾಯಿನುಡಿಯಾಗಿ ಪಡೆದವರಿಗೆ ಇಂಗ್ಲಿಷ್ ಬರೆಯುವುದನ್ನು ಯಾಕೆ ಕಲಿಸಬೇಕೆಂದು ನೀವು ಕೇಳಬಹುದು. ಹಾರ್ವರ್ಡ್ ಕಾಲೇಜಿನವರು 1874ರಲ್ಲಿ ಪ್ರವೇಶ ಪರೀಕ್ಷೆಯಲ್ಲಿ ಒಂದು ಇಂಗ್ಲಿಷ್ ಪ್ರಬಂಧವನ್ನು ಬರೆಯಲು ಹಚ್ಚಿದರು. ಅನುಕೂಲಸ್ಥರ ಮಕ್ಕಳು, ಒಳ್ಳೆಯ ಶಾಲೆಗಳಿಂದ ಬಂದವರು, ಬರೆದ ಉತ್ತರಗಳಲ್ಲಿ ಕಾಗುಣಿತದಿಂದ ಹಿಡಿದು ವಾಕ್ಯದವರೆಗೆ ತಪ್ಪುಗಳು ಕಂಡು ಅಧ್ಯಾಪಕರು ಬೆರಗಾದರು. ಮುಂದೆ ಕಾಲೇಜಿನ ಒಳಗೇ ಬರವಣಿಗೆಯ ಪಾಠ ಕಡ್ಡಾಯವಾಯಿತು. ಉಳಿದ ಕಾಲೇಜುಗಳೂ ಅದನ್ನು ಹಿಡಿದವು. ಇದರಿಂದ ನಮಗೊಂದು ಸಮಾಧಾನವುಂಟು. ಮಾತು ಹುಟ್ಟಿನಿಂದ ಬರಬಹುದು, ಬರಹ ಯಾರಿಗೂ ಹುಟ್ಟಿನಿಂದ ಬರುವುದಿಲ್ಲ.

ಇನ್ನು ಅಲ್ಲಿ ಕಲಿಸುವುದೇನು? ನಮ್ಮ ಶಾಲೆಯಲ್ಲಿ ಪ್ರಬಂಧವೆಂದರೆ ಗೈಡಿನಲ್ಲಿದ್ದುದನ್ನು ಬಾಯಿಪಾಠ ಮಾಡಿ ಇಳಿಸುವುದು. ಹಸುವಿನ ಮೇಲೆ ಬರೆದರೆ ನಾಲ್ಕು ಕಾಲು, ಎರಡು ಕೊಂಬು, ಒಂದು ಬಾಲ. ಅದನ್ನು ಓದಿದವನಿಗೆ ಹೊಸದೇನೂ ತಿಳಿಯುವುದಿಲ್ಲ, ಬರೆದವನಿಗಂತೂ ಮೊದಲೇ ಇಲ್ಲ. ಈ ಪಾಠದಲ್ಲಿ ಮೊದಲ ಪ್ರಶ್ನೆ, "ನೀನು ಹೇಳಬೇಕೆಂದಿರುವುದೇನು? ಅದನ್ನು ಒಪ್ಪದವನು ಒಬ್ಬನಾದರೂ ಇರಬಹುದೆ?" ಎಂಬುದು. ಒಪ್ಪದವನಿಗೆ ಕಾರಣ ಕೊಟ್ಟು ಒಪ್ಪಿಸುವುದೇ ಪ್ರಬಂಧ. ಆ ಒಂದು ವಾಕ್ಯವನ್ನು ಅವರು ಥೀಸಿಸ್ ಎನ್ನುತ್ತಾರೆ. ನಾವು ಅದನ್ನು ನಿಲುವಿನ ಮಾತು ಎಂದುಕೊಂಡೆವು.

ಒಂದು ದೃಷ್ಟಾಂತ ಕೊಡುತ್ತೇವೆ. ನಮ್ಮ ಜಾಬರ ಮಿತ್ರರು ಮಗ್ಗದ ಶಬ್ದವನ್ನು ವಿಷಯವಾಗಿ ಆರಿಸಿದರು. "ಮಗ್ಗದ ಶಬ್ದ ಬಹಳ ಕೆಟ್ಟದ್ದು" ಎಂದರೆ ಅದು ನಿಲುವಲ್ಲ; ಯಾರೂ ಅಲ್ಲವೆನ್ನುವುದಿಲ್ಲ, ಯಾರೂ ಏನೂ ಮಾಡುವುದೂ ಇಲ್ಲ. ಮೂರನೆಯ ಕರಡಿನಲ್ಲಿ ಅವರು ಬರೆದದ್ದು ಹೀಗೆ: "ಮಗ್ಗದವರ ಕಿವಿಯ ತಪಾಸಣೆ ವರ್ಷಕ್ಕೊಮ್ಮೆ ಮಾಲಕರ ಖರ್ಚಿನಲ್ಲಿ ಆಗಬೇಕು." ಈಗ ಒಪ್ಪದವರು ಹುಟ್ಟಿದರು! ಖರ್ಚೆಷ್ಟು, ಅವಶ್ಯವೇನು, ಕಾಯಿದೆಯಲ್ಲಿದೆಯೆ ಎಂಬ ಪ್ರಶ್ನೆಗಳು ಬಂದವು. ಆಗ ಮಿತ್ರರು ಹುಡುಕಲು ತೊಡಗಿದರು. ಎಂಟು ತಾಸಿನ ಕೆಲಸಕ್ಕೆ ಶಬ್ದ 90 ಡೆಸಿಬೆಲ್ ಮೀರಬಾರದೆಂದು ನಮ್ಮ ದೇಶದ ಕಾರಖಾನೆ ನಿಯಮಗಳಲ್ಲಿಯೇ ಇದೆಯೆಂಬುದು ಸಿಕ್ಕಿತು. ಅಪಾಯ ಒಂದೇ ದಿನದಲ್ಲಿ ಕಾಣುವುದಿಲ್ಲ, ವರ್ಷಗಳ ಮೇಲೆ ಕಿವಿ ಮಂದವಾಗುತ್ತದೆ, ಹಾಗೆ ಹೋದ ಕಿವಿ ಮರಳುವುದಿಲ್ಲ ಎಂಬುದನ್ನು ಸೇರಿಸಿದರು. ಹದಿನೆಂಟು ವರ್ಷ ಮಗ್ಗದ ನಡುವೆ ನಿಂತವರು ಅದನ್ನು ಬರೆಯುವಾಗ ಪದಗಳಿಗಾಗಿ ತಡಕಾಡಿರಬಹುದು, ವಿಷಯಕ್ಕಾಗಿ ತಡಕಾಡಲಿಲ್ಲ.

ಎರಡನೆಯ ಪಾಠ ಕರಡಿನದು. ಬರೆದದ್ದನ್ನು ಮತ್ತೆ ಬರೆಯಬೇಕು. ತಿದ್ದುವುದೆಂದರೆ ಕಾಗುಣಿತ ಸರಿಪಡಿಸುವುದಷ್ಟೇ ಅಲ್ಲ. ಕಡೆಯ ಪರಿಚ್ಛೇದದಲ್ಲಿ ಅಡಗಿದ ಒಳ್ಳೆಯ ಮಾತನ್ನು ಮೊದಲಿಗೆ ತರುವುದು, ಬೇಡವಾದದ್ದನ್ನು ಹೊರಗೆ ಹಾಕುವುದು. ಕಾರಕೂನಿಕೆಯ ಇಂಗ್ಲಿಷಿನಲ್ಲಿ ನಮಗೆ ಅಂಟಿದ ಸಾಲುಗಳಿವೆ: 'ಪ್ಲೀಸ್ ಡೂ ದ ನೀಡ್‌ಫುಲ್', 'ವಿತ್ ರೆಫರೆನ್ಸ್ ಟು ಯುವರ್ ಎಸ್ಟೀಮ್ಡ್ ಲೆಟರ್'. ಅವುಗಳನ್ನು ತೆಗೆದು, "ಹದಿನೈದನೆಯ ತಾರೀಖಿನೊಳಗೆ ಹಣ ಕಳಿಸಿರಿ" ಎಂದು ನೆಟ್ಟಗೆ ಬರೆಯುವುದೂ ಈ ಪಾಠದ ಫಲವೇ.

ಮೂರನೆಯದು, ಸಹಪಾಠಿಗಳು ಪರಸ್ಪರ ಓದಿ ಹೇಳುವುದು. "ಇಲ್ಲಿ ನನಗೆ ತಿಳಿಯಲಿಲ್ಲ, ಇಲ್ಲಿ ನಂಬಿಕೆ ಬರಲಿಲ್ಲ" ಎಂದು ಹೇಳಲು ಪಂಡಿತನಾಗಬೇಕಿಲ್ಲ. ನಾಲ್ಕನೆಯದು, ಇನ್ನೊಬ್ಬರ ಮಾತನ್ನು ತಂದರೆ ಅವರ ಹೆಸರು ಹೇಳುವುದು. ಇದನ್ನು ಆ ಕಾಲೇಜುಗಳು ಬಹು ಕಟ್ಟುನಿಟ್ಟಾಗಿ ನೋಡುತ್ತವೆ. ಹೇಳದೆ ತಂದರೆ ಅದು ಕಳವು.

ಹಾಗಾದರೆ ವ್ಯಾಕರಣದ ತಪ್ಪುಗಳ ಗತಿಯೇನು? ಈ ಬಗ್ಗೆ ನಾವು ಓದಿದ ಒಬ್ಬ ಅಧ್ಯಾಪಕಿಯ ವಿಷಯ ಹೇಳಲೇಬೇಕು. ನ್ಯೂಯಾರ್ಕ್ ನಗರದ ಸಾರ್ವಜನಿಕ ವಿಶ್ವವಿದ್ಯಾಲಯ 1970ರಲ್ಲಿ, ಹೈಸ್ಕೂಲು ಮುಗಿಸಿದ ಊರಿನ ಎಲ್ಲರಿಗೂ ಬಾಗಿಲು ತೆರೆಯಿತು. ಬಡವರ, ಕರಿಯರ, ವಲಸೆ ಬಂದವರ ಮಕ್ಕಳು ಸಾವಿರಗಟ್ಟಲೆ ಬಂದರು. ಇವರ ಬರಹ ನೋಡಿ, ಇವರು ಕಾಲೇಜಿಗೆ ತಕ್ಕವರಲ್ಲವೆಂದು ತಲೆಯಾಡಿಸಿದವರು ಬಹಳ. ಅಲ್ಲಿಯ ಸಿಟಿ ಕಾಲೇಜಿನ ಮೀನಾ ಷಾನೆಸಿ ಎಂಬ ಅಧ್ಯಾಪಕಿ ಅಂಥ ವಿದ್ಯಾರ್ಥಿಗಳ ಸುಮಾರು 4,000 ಉತ್ತರಪತ್ರಿಕೆಗಳನ್ನು ಕುಳಿತು ಓದಿ, 1977ರಲ್ಲಿ ಒಂದು ಗ್ರಂಥ ಬರೆದರು. ಅವರ ಮಾತಿನ ಸಾರ ಇಷ್ಟು: ಈ ತಪ್ಪುಗಳು ದಡ್ಡತನದ ಗುರುತಲ್ಲ, ಅವುಗಳಿಗೊಂದು ಕ್ರಮವಿದೆ, ಕಾರಣವಿದೆ, ಅಭ್ಯಾಸವಿಲ್ಲದವನು ಕಲಿಯುತ್ತಿರುವುದರ ಗುರುತು ಅವು.

ಇದನ್ನು ನಮ್ಮ ಕನ್ನಡಿಗರಿಗೆ ಹಚ್ಚಿ ನೋಡಿರಿ. ಇಂಗ್ಲಿಷಿನ 'ದ' ಮತ್ತು 'ಎ' ನಮ್ಮ ಹುಡುಗರಿಗೆ ಎಂದೂ ಸರಿಯಾಗಿ ಹತ್ತುವುದಿಲ್ಲ. ಯಾಕೆ? ಕನ್ನಡದಲ್ಲಿ ಅವುಗಳಿಗೆ ಸರಿಯಾದ ಜೋಡಿಯಿಲ್ಲ. ನಮ್ಮ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಅವರದು ನಡುವೆ ಬರುತ್ತದೆ. ಇಷ್ಟು ತಿಳಿದರೆ, ಅಂಜಿಕೆ ಹೋಗಿ ಎಚ್ಚರ ಬರುತ್ತದೆ. ತಪ್ಪು ಎಲ್ಲಿ ಬರುವುದೆಂದು ಗೊತ್ತಿದ್ದವನು ಅಲ್ಲಿಯೇ ಒಮ್ಮೆ ನಿಂತು ನೋಡುತ್ತಾನೆ.

ಈಗ ವ್ಯವಹಾರದ ಮಾತು. ಇಂತಹ ಪಾಠಗಳಲ್ಲಿ ಎರಡು ಬಗೆ. ಕಾಲೇಜಿಗೆ ಶುಲ್ಕ ಕಟ್ಟಿ ಸೇರಿದರೆ ಅಧ್ಯಾಪಕರು ತಿದ್ದುತ್ತಾರೆ, ಪದವಿಗೆ ಅಂಕ ಸಿಗುತ್ತದೆ. ಆದರೆ ಆ ಶುಲ್ಕ ನಮ್ಮಂಥವರ ಕೈಗೆ ಎಟುಕುವುದಲ್ಲ. ಎರಡನೆಯದು, ಯಾರು ಬೇಕಾದರೂ ಸೇರಬಹುದಾದ ಪಾಠ. ಇದರಲ್ಲಿಯೂ ಪಾಠ ಕೇಳುವುದು ಉಚಿತವಾಗಿದ್ದು, ತಿದ್ದುವಿಕೆಗೆ ಮತ್ತು ಪ್ರಮಾಣಪತ್ರಕ್ಕೆ ಹಣ ಕೇಳುವುದುಂಟು. ಸೇರುವ ಮೊದಲೇ ಓದಿ ನೋಡಬೇಕು. ಆ ಪ್ರಮಾಣಪತ್ರವನ್ನು ಪದವಿಯೆಂದು ಯಾರೂ ತಿಳಿಯಬಾರದು. ನಮ್ಮ ದೇಶದ ಪದವಿಗೆ ಅಂಕ ಬೇಕೆನ್ನುವವರು 2017ರಲ್ಲಿ ಭಾರತ ಸರಕಾರ ತೆರೆದ 'ಸ್ವಯಂ' ಪಾಠಗಳನ್ನು ವಿಚಾರಿಸುವುದು ಲೇಸು. ಅಲ್ಲಿ ಕಲಿಕೆ ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ. ನಾವು ಬಿಟ್ಟಿಯ ಪಾಠ ಕೇಳಿ, ತಿದ್ದುವಿಕೆಯನ್ನು ಈ ವಾಚನಾಲಯದ ಉದ್ದನೆಯ ಮೇಜಿನ ಮೇಲೆ ನಾವೇ ಮಾಡಿಕೊಂಡೆವು.

ಇದರಲ್ಲಿಯೇ ನಮ್ಮ ಮುಖ್ಯ ಮಾತು ಬಂದಿತು. 2013ರಲ್ಲಿ ಅಮೇರಿಕೆಯ ಡ್ಯೂಕ್ ವಿಶ್ವವಿದ್ಯಾಲಯದವರು ಇಂತಹುದೇ ಒಂದು ಪ್ರಬಂಧ-ರಚನೆಯ ಪಾಠವನ್ನು ಆನ್‌ಲೈನಿನಲ್ಲಿ ಉಚಿತವಾಗಿ ಇಟ್ಟಾಗ, ಜಗತ್ತಿನ ಎಲ್ಲ ಕಡೆಯಿಂದ 80,000ಕ್ಕೂ ಹೆಚ್ಚು ಜನ ಹೆಸರು ಹಚ್ಚಿದರು. ಕೊನೆಯವರೆಗೆ ಮುಟ್ಟಿದವರು ಅದರಲ್ಲಿ ಬಹು ಅಲ್ಪ ಭಾಗ. ಹಸಿವು ಎಷ್ಟೆಂಬುದು ಮೊದಲ ಸಂಖ್ಯೆಯಿಂದ ತಿಳಿಯುತ್ತದೆ. ಒಂಟಿಯಾಗಿ ಫೋನಿನ ಮುಂದೆ ಕುಳಿತು ಕಲಿಯುವುದು ಎಷ್ಟು ಕಠಿಣವೆಂಬುದು ಎರಡನೆಯದರಿಂದ. ಪಾಳಿ ಮುಗಿಸಿ ಬಂದ ದೇಹಕ್ಕೆ ನಿದ್ದೆಯೇ ಮೊದಲ ಪಾಠ. ನಾವು ನಾಲ್ವರೂ ಮುಗಿಸಲು ಕಾರಣ ನಮ್ಮ ಬುದ್ಧಿಯಲ್ಲ. ರವಿವಾರ ಸಂಜೆ ಮೂವರು ಕಾದಿರುತ್ತಾರೆ, ಬರಿಗೈಯಲ್ಲಿ ಹೇಗೆ ಹೋಗುವುದೆಂಬ ಸಂಕೋಚ!

ಈಗ ಯಂತ್ರವೇ ಪ್ರಬಂಧ ಬರೆದು ಕೊಡುತ್ತದಲ್ಲ, ಇಷ್ಟು ಶ್ರಮವೇಕೆಂದು ಕೆಲವರು ಕೇಳಿದರು. 2022ರ ಕೊನೆಗೆ ಚಾಟ್‌ಜಿಪಿಟಿ ಬಂದಂದಿನಿಂದ ಅಮೇರಿಕೆಯ ಅಧ್ಯಾಪಕರಿಗೂ ಇದೇ ತಲೆನೋವು. ನಮ್ಮ ಉತ್ತರ ಸರಳವಾಗಿದೆ. ಯಂತ್ರ ಮಗ್ಗದ ಶಬ್ದದ ಮೇಲೆ ತಪ್ಪಿಲ್ಲದ ಇಂಗ್ಲಿಷಿನಲ್ಲಿ ಬರೆದೀತು; ಆದರೆ ಮಾಲಕರ ಎದುರು ನಿಂತು, "ಇದಕ್ಕೆ ಆಧಾರವೇನು?" ಎಂಬ ಪ್ರಶ್ನೆಗೆ ಉತ್ತರ ಕೊಡುವವರು ನಮ್ಮ ಜಾಬರರೇ. ಬರೆದು ಬರೆದು ಯೋಚಿಸಿದವನಿಗೆ ಆ ಉತ್ತರ ಬಾಯಿಗೆ ಬರುತ್ತದೆ. ಅರ್ಥವಾಗದ ಶಬ್ದವನ್ನು ಯಂತ್ರಕ್ಕೆ ಕೇಳಬಹುದು, ನಿಲುವನ್ನು ಕೇಳಬಾರದು.

ಕನ್ನಡ ಸಂಘದಲ್ಲಿ ಇಂಗ್ಲಿಷಿನ ಕೀರ್ತನೆಯೇಕೆಂದು ಹಿರಿಯರಿಗೆ ಅನಿಸಬಹುದು. ಬೇಂದ್ರೆಯವರು 1944ರಿಂದ 1956ರವರೆಗೆ ಇದೇ ಊರಿನ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಆ ಅಭಿಮಾನ ನಮಗೂ ಉಂಟು. ನಮ್ಮ ಅನುಭವ ಹೇಳುವುದಾದರೆ, ನಾವು ಮೊದಲ ಕರಡನ್ನೆಲ್ಲ ಕನ್ನಡದಲ್ಲಿಯೇ ಬರೆದೆವು. ನಿಲುವು ಕನ್ನಡದಲ್ಲಿ ಗಟ್ಟಿಯಾದ ಮೇಲೆ ಇಂಗ್ಲಿಷು ಅದರ ಹಿಂದೆ ಬಂದಿತು. ಕನ್ನಡದಲ್ಲಿ ಸಡಿಲವಾಗಿದ್ದದ್ದು ಇಂಗ್ಲಿಷಿನಲ್ಲಿ ಎಂದೂ ಬಿಗಿಯಾಗಲಿಲ್ಲ. ತಂಗಿ ಈಗ ರೇಶನ್ ಕಚೇರಿಗೆ ಬರೆಯುವ ಮರಾಠಿ ಅರ್ಜಿಯೂ ಚೊಕ್ಕವಾಗಿದೆ.

ಆದ್ದರಿಂದ ಸಂಘದ ಮುಂದೆ ನಮ್ಮದೊಂದು ವಿನಂತಿ. ರವಿವಾರ ಸಂಜೆ ಐದರಿಂದ ಏಳರವರೆಗೆ ಒಳಗಿನ ಕೋಣೆಯನ್ನು ಈ ಕೆಲಸಕ್ಕೆ ಬಿಟ್ಟು ಕೊಡಬೇಕು. ಒಂದು ಇಂಗ್ಲಿಷ್-ಕನ್ನಡ ನಿಘಂಟು ಆ ಮೇಜಿನ ಮೇಲೆಯೇ ಇರಲಿ. ಶುಲ್ಕವಿಲ್ಲ, ವಯಸ್ಸಿನ ಕಟ್ಟಿಲ್ಲ. ಬರುವವರು ಒಂದು ವಹಿ, ಒಂದು ಪೆನ್ನು, ಮತ್ತು ತಮ್ಮ ಕೆಲಸದಲ್ಲಿ ತಾವು ಕಣ್ಣಾರೆ ಕಂಡ ಒಂದು ವಿಷಯ ತಂದರೆ ಸಾಕು. ಕಾಲೇಜು ಬಿಟ್ಟು ಬಂದ ತಮ್ಮಂದಿರು, ತಂಗಿಯರು ಮೊದಲು ಬರಬೇಕು. ಅವರ ಸಲುವಾಗಿ ನಾಲ್ಕು ಕುರ್ಚಿ ಹೆಚ್ಚಾಗಿಯೇ ಇಟ್ಟಿದ್ದೇವೆ.