ಮೊಬೈಲಿಗೂ ಒಂದು ಮೊರ ಬೇಕು

(ಆಗಸ್ಟ್ 15, ಮಾತೆ ಮರಿಯಮ್ಮನವರ ಸ್ವರ್ಗಾರೋಹಣ ಮಹೋತ್ಸವದಂದು ವೈಟ್‌ಫೀಲ್ಡ್ ಕಡೆಯ ಧರ್ಮಕೇಂದ್ರವೊಂದರಲ್ಲಿ ನೀಡಿದ ಪ್ರಬೋಧನೆ)



ಇಂದು ನಮಗೆ ಎರಡು ಹಬ್ಬ. ಒಂದು ಮಾತೆ ಮರಿಯಮ್ಮನವರ ಸ್ವರ್ಗಾರೋಹಣ, ಇನ್ನೊಂದು ನಮ್ಮ ದೇಶದ ಸ್ವಾತಂತ್ರ್ಯೋತ್ಸವ. 2012ರಲ್ಲಿ ಇದೇ ದಿನ ಬೆಂಗಳೂರು ಸಿಟಿ ರೈಲು ನಿಲ್ದಾಣದಲ್ಲಿ ಏನಾಯಿತೆಂದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು.

ಆ ವರ್ಷ ಜುಲೈ ತಿಂಗಳಲ್ಲಿ ಅಸ್ಸಾಮಿನ ಕೊಕ್ರಝಾರ್ ಕಡೆ ಗಲಭೆಯಾಗಿತ್ತು. ಅದರ ಬೆನ್ನಿಗೇ, ಬೆಂಗಳೂರಿನಲ್ಲಿರುವ ಈಶಾನ್ಯದವರ ಮೇಲೆ ದಾಳಿ ನಡೆಯಲಿದೆ, ರಂಜಾನ್ ಮುಗಿಯುವುದರೊಳಗೆ ಊರು ಬಿಡಿ ಎಂಬ ಎಸ್ಸೆಮ್ಮೆಸ್‌ಗಳು ಕೈಯಿಂದ ಕೈಗೆ ಹರಿದವು. ಕಂಪನಿಗಳ ಗೇಟಿನಲ್ಲಿ ನಿಂತು ನಮಗೆ ದಿನವೂ ಸಲಾಮು ಹೊಡೆಯುವ ಕಾವಲುಗಾರರು, ಹೋಟೆಲಿನ ಹುಡುಗರು, ಬ್ಯೂಟಿ ಪಾರ್ಲರಿನ ಹೆಣ್ಣುಮಕ್ಕಳು, ಕಾಲೇಜು ವಿದ್ಯಾರ್ಥಿಗಳು, ಹೀಗೆ ಸಾವಿರಾರು ಮಂದಿ ಗಂಟುಮೂಟೆ ಹೊತ್ತು ನಿಲ್ದಾಣ ಸೇರಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಆಗ ಗೃಹ ಸಚಿವರಾಗಿದ್ದ ಆರ್. ಅಶೋಕ್ ಅವರೇ ನಿಲ್ದಾಣಕ್ಕೆ ಹೋಗಿ, ಭಯಪಡಬೇಡಿ ಎಂದು ಕೇಳಿಕೊಂಡರು. ಕೇಂದ್ರ ಸರ್ಕಾರ ಆಗಸ್ಟ್ 17ರಂದು ರಾಶಿ ರಾಶಿ ಎಸ್ಸೆಮ್ಮೆಸ್ ಕಳಿಸುವುದನ್ನು 15 ದಿನ ನಿಷೇಧಿಸಿತು. ಸಂದೇಶದಲ್ಲಿ ಹೇಳಿದ್ದ ಆ ದೊಡ್ಡ ದಾಳಿ ನಡೆಯಲೇ ಇಲ್ಲ. ಆದರೆ ಓಡಿಹೋದವರ ಭಯ ಸುಳ್ಳಾಗಿರಲಿಲ್ಲ. ಅವರ ಪಕ್ಕದ ಮನೆಯಲ್ಲಿದ್ದ ನಾವು ಆ ದಿನ ಮನೆಯಲ್ಲಿ ಬಿರಿಯಾನಿ ಮಾಡಿ ಹಬ್ಬ ಆಚರಿಸಿದೆವು.

ಆಗ ಕೈಯಲ್ಲಿದ್ದದ್ದು ಚಿಕ್ಕ ಫೋನು, ಬರುತ್ತಿದ್ದದ್ದು ನಾಲ್ಕು ಸಾಲು. ಈಗ ನೇರಳೆ ಮಾರ್ಗದ ಮೆಟ್ರೊದಲ್ಲಿ ವೈಟ್‌ಫೀಲ್ಡಿನಿಂದ ಹೊರಟು ನೋಡಿ, ಎಲ್ಲರ ತಲೆಯೂ ಬಾಗಿರುತ್ತದೆ. ಜಪಮಾಡುತ್ತಿದ್ದಾರೆಂದು ಭಾವಿಸಬೇಡಿ! ಎಲೆಕ್ಟ್ರಾನಿಕ್ ಸಿಟಿಯ ಹಳದಿ ಮಾರ್ಗದಲ್ಲೂ ಪೀಣ್ಯದ ಹಸಿರು ಮಾರ್ಗದಲ್ಲೂ ಅದೇ ದೃಶ್ಯ. ಹೆಬ್ಬೆರಳು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ; ಅಡುಗೆ, ಅಪಘಾತ, ಹಾಡು, ಬೈಗುಳ, ಅಶ್ಲೀಲ, ದೇವರ ಚಿತ್ರ, ಎಲ್ಲವೂ ಒಂದೇ ಚೀಲದಿಂದ ಸುರಿಯುತ್ತವೆ. ನಮ್ಮ ತಾಯಂದಿರು ಅಂಗಡಿಯಿಂದ ತಂದ ಅಕ್ಕಿಯನ್ನೂ ಮೊರದಲ್ಲಿ ಕೇರಿ, ಕಲ್ಲು ಆರಿಸಿಯೇ ಒಲೆಗೆ ಇಡುತ್ತಿದ್ದರು. ಇದನ್ನು ಮಾತ್ರ ನಾವು ಕೇರದೆ ನುಂಗುತ್ತಿದ್ದೇವೆ.

ಇಂದಿನ ಶುಭಸಂದೇಶದಲ್ಲಿ ಮರಿಯಮ್ಮನವರು ಜುದೇಯದ ಗುಡ್ಡಗಾಡಿಗೆ ಹೊರಟು ಎಲಿಜಬೇತಮ್ಮನವರ ಮನೆಗೆ ಹೋಗುತ್ತಾರೆ. ಅದಕ್ಕೆ ಸ್ವಲ್ಪ ಮುಂಚೆ ನಡೆದದ್ದನ್ನು ನೆನೆಯೋಣ. ದೇವದೂತರೇ ಬಂದು ಸುದ್ದಿ ಹೇಳಿದಾಗಲೂ ಆ ತಾಯಿ, ಇದು ಹೇಗೆ ಸಾಧ್ಯವೆಂದು ಮೊದಲು ಪ್ರಶ್ನೆ ಕೇಳಿದರು. ಎಲಿಜಬೇತಮ್ಮನವರ ವಿಷಯ ತಿಳಿದ ಮೇಲೆ ಊರಿಗೆಲ್ಲ ಹೇಳಿ ಕಳಿಸಲಿಲ್ಲ, ತಾವೇ ನಡೆದು ಹೋದರು, ಕಣ್ಣಾರೆ ಕಂಡರು, ಮೂರು ತಿಂಗಳ ಕಾಲ ಅಲ್ಲಿಯೇ ಉಳಿದರು. ದೇವದೂತರ ಮಾತಿಗೇ ಒಂದು ಪ್ರಶ್ನೆ ಇರುವಾಗ, ಯಾರೋ ಎಲ್ಲಿಂದಲೋ ಕಳಿಸಿದ ವಿಡಿಯೋಗೆ ನಮ್ಮಲ್ಲಿ ಒಂದೂ ಪ್ರಶ್ನೆ ಇಲ್ಲವೇ?

ಪ್ರಶ್ನೆ ಇಲ್ಲದಿದ್ದರೆ ಏನಾಗುತ್ತದೆಂದು 2018ರಲ್ಲಿ ಕಂಡೆವು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಿಂದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೋ ವಾಟ್ಸಾಪಿನಲ್ಲಿ ಮನೆಮನೆಗೆ ಬಂತು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ನಟಿಸಿ ತೆಗೆದ ಚಿತ್ರ. ಕೊನೆಯಲ್ಲಿ ಅವರೇ ಮಗುವನ್ನು ವಾಪಸು ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿ ಹಾಕಿದ್ದರು. ಮೇ 23ರಂದು ನಮ್ಮದೇ ನಗರದ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿಕೊಂಡು ಬಂದಿದ್ದ ರಾಜಸ್ಥಾನದ 26 ವರ್ಷದ ಯುವಕನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬರು ಅದೇ ರೀತಿ ಸತ್ತರು. ಅವರ ಜೊತೆಯವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣವಾಯಿತು. ಅವರ ಕಾರಿಗಿಂತ ಮೊದಲೇ ವಾಟ್ಸಾಪ್ ಮುಂದಿನ ಊರು ತಲುಪಿತ್ತು. ಇದಾದ ವಾರದೊಳಗೇ ಆ ಕಂಪನಿ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವಂತೆ ಮಿತಿ ಹಾಕುವುದಾಗಿ ಹೇಳಿತು.

ಬೇರೆಯವರ ಕಡೆ ಬೆರಳು ತೋರಿಸಲು ನಮಗೆ ಮುಖವಿಲ್ಲ. ಕಾಣೆಯಾದ ಮಗುವೆಂದು ಒಂದು ಚಿತ್ರವನ್ನು ನಾವೇ ನಮ್ಮ ಧರ್ಮಕೇಂದ್ರದ ಗುಂಪಿಗೆ ಹಾಕಿದ್ದೆವು. ಪುಣ್ಯದ ಕೆಲಸವೆಂದೇ ಎಣಿಸಿದ್ದೆವು. ಆ ಮಗು ಎಷ್ಟೋ ವರ್ಷಗಳ ಹಿಂದೆಯೇ ಮನೆ ಸೇರಿತ್ತು, ಆ ತಂದೆಗೆ ಈಗಲೂ ಫೋನು ಬರುತ್ತಲೇ ಇದೆ ಎಂದು ನಮ್ಮ ಗಾಯನವೃಂದದ ಹುಡುಗಿಯೊಬ್ಬಳು ಆ ನಂಬರಿಗೆ ಕರೆಮಾಡಿ ತಿಳಿದು ಬಂದಳು. ಅವಳು ಕೇಳಿದ ಆ ಒಂದು ಪ್ರಶ್ನೆಯನ್ನು ಮೊದಲು ಕೇಳಬೇಕಾದವರು ನಾವಾಗಿದ್ದೆವು.

ಹಾಗಾದರೆ ಬೇಡದ್ದು ನಮ್ಮ ಪರದೆಗೆ ಬರುವುದಾದರೂ ಹೇಗೆ? ನಾವು ಎಲ್ಲಿ ಎಷ್ಟು ಹೊತ್ತು ನಿಂತೆವೆಂದು ಯಂತ್ರ ಲೆಕ್ಕವಿಡುತ್ತದೆ. ಅಪಘಾತದ ವಿಡಿಯೋವನ್ನು ಅಯ್ಯೋ ಎಂದು ಪೂರ್ತಿ ನೋಡಿದರೆ ನಾಳೆ ಇನ್ನೂ ನಾಲ್ಕು ಅಪಘಾತ ಬರುತ್ತವೆ. ಛೀ ಎಂದು ಕೆಳಗೆ ಬರೆದರೂ ಅದು ಆಸಕ್ತಿಯ ಲೆಕ್ಕಕ್ಕೇ ಸೇರುತ್ತದೆ. ಕಂಪನಿಗೆ ಜಾಹೀರಾತಿನ ಹಣ ಬರುವುದು ನಾವು ನೋಡುತ್ತಾ ಕುಳಿತಿರುವಷ್ಟು ಹೊತ್ತು. ಆದುದರಿಂದ ಬೈಯುವುದರಿಂದ ಪ್ರಯೋಜನವಿಲ್ಲ. ಆ ಪೋಸ್ಟಿನ ಮೂಲೆಯಲ್ಲಿರುವ ಮೂರು ಚುಕ್ಕೆ ಒತ್ತಿ, ಆಸಕ್ತಿಯಿಲ್ಲ ಎಂದು ಹೇಳಬೇಕು. ಕೆಟ್ಟದ್ದಾದರೆ ರಿಪೋರ್ಟ್ ಮಾಡಬೇಕು. ಯೂಟ್ಯೂಬಿನಲ್ಲಿ ನೋಡಿದ್ದರ ಪಟ್ಟಿಯನ್ನೇ ಅಳಿಸಬಹುದು. ವಾಟ್ಸಾಪಿನಲ್ಲಿ ಚಿತ್ರಗಳು ತಾವಾಗಿಯೇ ಇಳಿಯದಂತೆ ಮಾಡಬಹುದು. ನಮ್ಮನ್ನು ಯಾರು ಗುಂಪಿಗೆ ಸೇರಿಸಬಹುದೆಂದು ನಿರ್ಧರಿಸುವ ಸೌಲಭ್ಯ 2019ರಿಂದಲೇ ಇದೆ. ಎಷ್ಟು ಮಂದಿ ಅದನ್ನು ತೆರೆದು ನೋಡಿದ್ದೇವೆ? ಸಂದೇಶದ ಮೇಲೆ ಎರಡು ಬಾಣದ ಗುರುತಿದ್ದರೆ ಅದು ಹಲವು ಕೈ ದಾಟಿ ಬಂದದ್ದೆಂದು ಅರ್ಥ. ಅಲ್ಲಿ ನಿಲ್ಲಿ.

ಮಕ್ಕಳಿಗಾಗಿ ಇನ್‌ಸ್ಟಾಗ್ರಾಮಿನ ಹದಿಹರೆಯದವರ ಖಾತೆ 2025ರಲ್ಲಿ ಭಾರತಕ್ಕೂ ಬಂದಿದೆ. ಅದರ ಬಿಗಿಯನ್ನು ಸಡಿಲಿಸಲು 16 ವರ್ಷದೊಳಗಿನವರಿಗೆ ಹೆತ್ತವರ ಒಪ್ಪಿಗೆ ಬೇಕು. ತಂದೆತಾಯಿಯರೇ, ಫೋನು ಕಿತ್ತುಕೊಂಡು ಕಪಾಟಿನಲ್ಲಿಟ್ಟರೆ ಮಗ ಗೆಳೆಯನ ಫೋನಿನಲ್ಲಿ ನೋಡುತ್ತಾನೆ. ರಾತ್ರಿಪಾಳಿಯಿಂದ ಬಂದು ಸುಸ್ತಾಗಿರುತ್ತೀರಿ, ನಮಗೆ ಗೊತ್ತು. ಆದರೂ ಭಾನುವಾರ ಅರ್ಧ ಗಂಟೆ ಅವನ ಪಕ್ಕದಲ್ಲಿ ಕುಳಿತು, ನಿನಗೆ ಏನು ಬರುತ್ತದೆ ತೋರಿಸು ಎನ್ನಿ. ನಿಮ್ಮದನ್ನೂ ತೋರಿಸಬೇಕಾಗುತ್ತದೆ, ಅದಕ್ಕೂ ಸಿದ್ಧರಾಗಿರಿ.

ನಾವು ರಿಪೋರ್ಟ್ ಮಾಡಿದ್ದನ್ನು ಎಷ್ಟೋ ಬಾರಿ ಯಂತ್ರವಲ್ಲ, ಒಬ್ಬ ಮನುಷ್ಯ ಕುಳಿತು ನೋಡುತ್ತಾನೆ ಎಂಬುದೂ ನೆನಪಿರಲಿ. ಹಿಂಸೆಯನ್ನು ದಿನವಿಡೀ ನೋಡಿ ಮನಸ್ಸು ಕೆಟ್ಟ ಅಂತಹ ಕೆಲಸಗಾರರಿಗೆ ಅಮೆರಿಕದಲ್ಲಿ 5 ಕೋಟಿ 20 ಲಕ್ಷ ಡಾಲರ್ ಕೊಡಲು ಫೇಸ್‌ಬುಕ್ 2020ರಲ್ಲಿ ಒಪ್ಪಿಕೊಂಡಿತು. ನಮ್ಮ ಪರದೆ ಸ್ವಚ್ಛವಾಗಿರಲು ಯಾರೋ ಬೆಲೆ ತೆತ್ತಿದ್ದಾರೆ.

ಒಂದು ಅಪಾಯವನ್ನೂ ಹೇಳಬೇಕು. ಕೇರುವಾಗ ಕೆಲವರು ಅಕ್ಕಿಯನ್ನೇ ಚೆಲ್ಲುತ್ತಾರೆ. ನಮಗೆ ಒಪ್ಪಿಗೆಯಾಗದ್ದನ್ನು ಹೇಳುವವರನ್ನೆಲ್ಲ ಮುಚ್ಚಿಹಾಕಿ, ನಮ್ಮ ಭಾಷೆ, ನಮ್ಮ ಜಾತಿ, ನಮ್ಮ ಪಕ್ಷದವರ ಮಾತಷ್ಟೇ ಕಿವಿಗೆ ಬೀಳುವಂತೆ ಮಾಡಿಕೊಂಡರೆ, ಗೇಟಿನಲ್ಲಿ ನಿಂತ ಅಸ್ಸಾಮಿನ ಹುಡುಗನಿಗೆ ಭಯವಾಗಿದೆ ಎಂಬ ಸುದ್ದಿ ನಮಗೆ ತಲುಪುವುದೇ ಇಲ್ಲ. ಅವನ ವಿರುದ್ಧದ ಸುದ್ದಿ ಮಾತ್ರ ತಲುಪುತ್ತದೆ. ಆದುದರಿಂದ ಹೊರಗೆ ಹಾಕಬೇಕಾದದ್ದು ಯಾವುದು? ಕಹಿಯಾದದ್ದಲ್ಲ, ಸುಳ್ಳಾದದ್ದು, ನಮಗೆ ಹಿಡಿಸದ್ದಲ್ಲ, ನೆರೆಯವನಿಗೆ ಕೇಡು ಬಗೆಯುವಂಥದ್ದು. ಅನುಮಾನ ಬಂದರೆ ಎಲಿಜಬೇತಮ್ಮನವರ ಮನೆಯ ದಾರಿ ಇದ್ದೇ ಇದೆ: ಎದ್ದು ಹೋಗಿ ಕೇಳುವುದು. ಆ ಹುಡುಗನ ಹೆಸರೇನು, ಊರು ಯಾವುದು ಎಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಬಲಿಪೂಜೆಯ ನಂತರ ಧ್ವಜಾರೋಹಣ ಇದೆ, ಎಲ್ಲರೂ ನಿಲ್ಲಿ. ಆಮೇಲೆ ಸಭಾಂಗಣದಲ್ಲಿ ನಮ್ಮ ಯುವಜನರು ಎರಡು ಮೇಜು ಹಾಕಿಕೊಂಡು ಕುಳಿತಿರುತ್ತಾರೆ. ಕಂಪನಿಗಳಲ್ಲಿ ಇದೇ ಕೆಲಸ ಬಲ್ಲ ಮಕ್ಕಳು. ಅಜ್ಜಿಯಂದಿರೂ ತಾತಂದಿರೂ ಸಂಕೋಚಪಡದೆ ಫೋನು ಕೊಟ್ಟು, ಮೇಲೆ ಹೇಳಿದ್ದನ್ನೆಲ್ಲ ಸರಿಮಾಡಿಸಿಕೊಳ್ಳಿ. ಕನ್ನಡಕ ತನ್ನಿ. ಪಾಸ್‌ವರ್ಡನ್ನು ಮಾತ್ರ ಯಾರಿಗೂ ಹೇಳಬೇಡಿ, ನಮಗೂ ಸಹ. ಗೇಟಿನ ಹುಡುಗನನ್ನು ಚಹಾಕ್ಕೆ ಕರೆದಿದ್ದೇವೆ, ಅವನೂ ಅಲ್ಲಿರುತ್ತಾನೆ.