ಬಂಡೆಯಡಿಯ ಅನಿಲ, ಬೆಟ್ಟದ ಮೇಲಿನ ಊರು

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನಾನಿಂದು ಹೇಳಹೊರಟಿರುವ ಸಂಗತಿ ನಮ್ಮ ಘಟ್ಟದಲ್ಲಿ ನಡೆದದ್ದಲ್ಲ, ನಡೆಯುವಂಥದ್ದೂ ಅಲ್ಲ. ನಮ್ಮ ಕಾಲಡಿಯಲ್ಲಿರುವುದು ಬಹುಪಾಲು 250 ಕೋಟಿ ವರ್ಷಗಳಿಗೂ ಹಳೆಯದಾದ ಗಟ್ಟಿ ಶಿಲೆ. ಅದರಲ್ಲಿ ಅನಿಲ ಸಿಕ್ಕುವುದಿಲ್ಲ. ಆದ್ದರಿಂದ ಯಾರೂ ಹೆದರಬೇಕಾಗಿಲ್ಲ. ಆದರೆ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಗುಡ್ಡಗಾಡಿನಲ್ಲಿ ಇದು ಯಾರಿಗೆ ಸಂಭವಿಸಿತೋ ಅವರು ನಮ್ಮಂಥವರೇ. ಇಳಿಜಾರಿನ ಜಮೀನು, ಕೊಟ್ಟಿಗೆಯ ತುಂಬ ಹಸು, ಮೈಮೇಲೆ ಸಾಲ, ಪೇಟೆ ಸೇರಿದ ಮಕ್ಕಳು. ಅವರ ಕಥೆಯಲ್ಲಿ ನಮಗೆ ಬೇಕಾದುದೊಂದಿದೆ.

ಆ ಗುಡ್ಡಗಳ ಕೆಳಗೆ, ಒಂದೂವರೆ ಎರಡು ಕಿಲೋಮೀಟರ್ ಆಳದಲ್ಲಿ, ಮಾರ್ಸೆಲಸ್ ಎಂಬ ಹೆಸರಿನ ಜೇಡಿ ಪದರಗಲ್ಲು ಹಾಸಿಕೊಂಡಿದೆ. ಇಂಥ ಕಲ್ಲಿಗೆ ಶೇಲ್ ಎನ್ನುತ್ತಾರೆ. ಅದರೊಳಗೆ ನೈಸರ್ಗಿಕ ಅನಿಲವಿರುವುದು ಹಿಂದಿನಿಂದಲೂ ಗೊತ್ತಿತ್ತು, ತೆಗೆಯುವ ಖರ್ಚು ಗಿಟ್ಟುತ್ತಿರಲಿಲ್ಲ. 2004ರ ನಂತರದ ವರ್ಷಗಳಲ್ಲಿ ಉಪಾಯ ಕೈಗೂಡಿತು. ನೇರ ಕೆಳಗೆ ಕೊರೆದು, ಪದರ ಮುಟ್ಟಿದ ಮೇಲೆ ಅಡ್ಡಕ್ಕೆ ತಿರುಗಿಸಿ ಇನ್ನೊಂದು ಕಿಲೋಮೀಟರಿಗೂ ಹೆಚ್ಚು ದೂರ ಕೊರೆಯುವುದು. ಬಳಿಕ ನೀರು, ಮರಳು, ಒಂದಿಷ್ಟು ರಾಸಾಯನಿಕಗಳನ್ನು ಭಾರೀ ಒತ್ತಡದಲ್ಲಿ ನುಗ್ಗಿಸಿ ಕಲ್ಲನ್ನು ಸೀಳುವುದು. ಸೀಳು ಮುಚ್ಚಿಕೊಳ್ಳದಂತೆ ಮರಳು ತಡೆಯುತ್ತದೆ, ಅನಿಲ ಮೇಲೆ ಬರುತ್ತದೆ. ಇದೇ ಫ್ರ್ಯಾಕಿಂಗ್. ಅಲ್ಲಿನ ಆರಂಭದ ಬಾವಿಗಳಲ್ಲಿ ಒಂದೊಂದಕ್ಕೂ ಒಂದೂವರೆಯಿಂದ ಎರಡು ಕೋಟಿ ಲೀಟರ್ ನೀರು ಬೇಕಾಗುತ್ತಿತ್ತು. ಬೇಸಗೆಯಲ್ಲಿ ನಮ್ಮೂರಿಗೆ ಬರುವ ಹತ್ತು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹೇಳುವುದಾದರೆ, ಸಾವಿರದ ಐನೂರರಿಂದ ಎರಡು ಸಾವಿರ ಟ್ಯಾಂಕರ್. ಅದೂ ಹಳ್ಳಿಯ ಕಿರುರಸ್ತೆಯ ಮೇಲೆ.

ಇನ್ನು ಹಣದ ಮಾತು. ಅಮೆರಿಕದಲ್ಲಿ ನೆಲದಡಿಯ ಅನಿಲವೂ ಖಾಸಗಿ ಸ್ವತ್ತಾಗಬಲ್ಲುದು. ಭಾರತದಲ್ಲಿ ಹಾಗಲ್ಲ, ಇಲ್ಲಿ ತೈಲ, ಅನಿಲ ತೆಗೆಯುವ ಪರವಾನಗಿ ಸರ್ಕಾರದ್ದು, ರೈತನಿಗೆ ದಕ್ಕುವುದು ಮೇಲ್ಮೈ ಜಮೀನಿನ ಪರಿಹಾರ ಮಾತ್ರ. ಅಲ್ಲಿ ಕಂಪನಿಯ ಪ್ರತಿನಿಧಿ ಮನೆಮನೆಗೆ ಬಂದು, ಅಡುಗೆಮನೆಯ ಮೇಜಿನ ಮೇಲೆ ಗುತ್ತಿಗೆ ಪತ್ರವಿಟ್ಟು ಸಹಿ ಹಾಕಿಸಿಕೊಂಡ. ಸಸ್ಕ್ವೆಹಾನಾ ಜಿಲ್ಲೆಯ ಡಿಮೋಕ್ ಎಂಬ ಊರಿನಲ್ಲಿ 2006ರ ಸುಮಾರಿಗೆ ಎಕರೆಗೆ ಇಪ್ಪತ್ತೈದು ಡಾಲರಿಗೆ ಸಹಿ ಹಾಕಿದವರಿದ್ದಾರೆ. ಕೆಲವೇ ವರ್ಷಗಳಲ್ಲಿ ಅದೇ ಸೀಮೆಯ ದರ ಎಕರೆಗೆ ಐದು ಸಾವಿರ ಡಾಲರ್ ಮುಟ್ಟಿತು. ಬೇಲಿಯ ಈಚೆಯವನಿಗೆ ಒಂದು, ಆಚೆಯವನಿಗೆ ಇನ್ನೂರು. ಮೊದಲು ಸಹಿ ಹಾಕಿದವನನ್ನು ದಡ್ಡನೆನ್ನಬೇಡಿ. ತುರ್ತು ಇದ್ದವನು ಮೊದಲು ಸಹಿ ಹಾಕುತ್ತಾನೆ, ಅಷ್ಟೆ. ಒಂಟಿಯಾಗಿ ಮಾತಾಡಿದ್ದು ಅವರ ನಷ್ಟಕ್ಕೆ ಮೂಲವಾಯಿತು. ಮುಂದೆ ನೆರೆಹೊರೆಯವರು ಕೂಡಿ ಒಕ್ಕೂಟವಾಗಿ ಚೌಕಾಸಿ ಮಾಡಿದ ಕಡೆ ಹಣವೂ ಹೆಚ್ಚಿತು, ಕರಾರಿನ ಷರತ್ತುಗಳೂ ಬಿಗಿಯಾದವು.

ಗುತ್ತಿಗೆ ಹಣದ ಮೇಲೆ ರಾಜಧನವೂ ಉಂಟು. 1979ರ ಆ ರಾಜ್ಯದ ಕಾಯಿದೆಯ ಪ್ರಕಾರ ಭೂಮಾಲೀಕನಿಗೆ ಎಂಟನೆಯ ಒಂದು ಪಾಲಿಗಿಂತ ಕಡಿಮೆ ಕೊಡುವಂತಿಲ್ಲ. ಆದರೆ ಆ ಪಾಲನ್ನು ಎಲ್ಲಿಂದ ಲೆಕ್ಕ ಹಾಕಬೇಕೆಂದು ಕಾಯಿದೆ ಹೇಳಿರಲಿಲ್ಲ. ಅನಿಲವನ್ನು ಶುದ್ಧಿ ಮಾಡಿ ಮಾರುಕಟ್ಟೆಗೆ ಸಾಗಿಸುವ ಖರ್ಚನ್ನು ಮೊದಲು ಕಳೆದುಕೊಳ್ಳಬಹುದೆಂದು 2010ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ನಮ್ಮ ಮಂಡಿಯಲ್ಲಿ ಹಮಾಲಿ, ತೂಕ, ದಲಾಲಿಯೆಂದು ಕಳೆದು ಚೀಟಿ ಕೊಡುವುದನ್ನು ಬಲ್ಲ ನಿಮಗೆ ಇದನ್ನು ವಿವರಿಸಬೇಕಿಲ್ಲ.

ಇದಲ್ಲದೆ ಧಾರಣೆ ಕುಸಿಯಿತು. 2008ರ ನಡುವಿನಲ್ಲಿ ಹದಿಮೂರು ಡಾಲರ್ ದಾಟಿದ್ದ ಅನಿಲದ ಬೆಲೆ 2012ರ ಏಪ್ರಿಲಿನಲ್ಲಿ ಎರಡು ಡಾಲರಿಗಿಂತ ಕೆಳಗಿಳಿಯಿತು. ಎಲ್ಲರೂ ಒಟ್ಟಿಗೆ ತೆಗೆದುದೇ ಅದಕ್ಕೊಂದು ಮುಖ್ಯ ಕಾರಣ. ಶೇಲ್ ಬಾವಿಯ ಸ್ವಭಾವವೂ ವಿಚಿತ್ರ, ಮೊದಲ ಒಂದೆರಡು ವರ್ಷಗಳಲ್ಲೇ ಇಳುವರಿ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ. ನಮ್ಮ ತಂದೆಯವರು ತೋಟದ ಅಂಚಿಗೆ ವೆನಿಲ್ಲಾ ಹಬ್ಬಿಸಿದ್ದ ಕಾಲ ನೆನಪಾಗುತ್ತದೆ. 2003ರಲ್ಲಿ ಹಸಿ ಬೀನ್ಸಿಗೆ ಕಿಲೋಗೆ ಸಾವಿರಾರು ರೂಪಾಯಿ. ರಜೆಗೆ ಬಂದ ನಾನು ರಾತ್ರಿ ಬ್ಯಾಟರಿ ಹಿಡಿದು ಕಾವಲು ಕಾಯುತ್ತಿದ್ದೆ. ಎರಡು ವರ್ಷ ಕಳೆಯುವಷ್ಟರಲ್ಲಿ ಕೇಳುವವರಿರಲಿಲ್ಲ.

ಈ ಅನಿಲದ ಅಲೆ ನಮ್ಮ ದೇಶದ ಹೊಲಕ್ಕೂ ಅಪ್ಪಳಿಸಿದೆ. ನಾವು ಪಲ್ಯ ಮಾಡುವ ಗೋರಿಕಾಯಿ, ಉತ್ತರ ಕರ್ನಾಟಕದವರ ಚವಳಿಕಾಯಿ, ಇದರ ಬೀಜದಿಂದ ತೆಗೆಯುವ ಅಂಟು ನೀರನ್ನು ಗಟ್ಟಿಮಾಡಿ ಮರಳನ್ನು ತೇಲಿಸಿ ಒಯ್ಯುತ್ತದೆ. ಮಾರ್ಸೆಲಸ್‌ನಲ್ಲಿ ಇದರ ಬಳಕೆ ಕಡಿಮೆ. ನಾರ್ತ್ ಡಕೋಟಾದಂಥ ತೈಲಸೀಮೆಯ ಬಾವಿಗಳಿಗೆ ಇದು ಹೇರಳವಾಗಿ ಬೇಕಾಯಿತು. ರಾಜಸ್ಥಾನ, ಹರಿಯಾಣಗಳ ಒಣಭೂಮಿಯ ಈ ಬೆಳೆಯ ಬೀಜ 2012ರಲ್ಲಿ ಕ್ವಿಂಟಾಲಿಗೆ ಮೂವತ್ತು ಸಾವಿರ ರೂಪಾಯಿ ಮೀರಿತು. ಆ ಮಾರ್ಚಿನಲ್ಲಿ ವಾಯಿದಾ ವ್ಯಾಪಾರವನ್ನೇ ಸರ್ಕಾರ ನಿಲ್ಲಿಸಬೇಕಾಯಿತು. 2012–13ರಲ್ಲಿ 20,000 ಕೋಟಿ ರೂಪಾಯಿ ದಾಟಿದ ಅಂಟಿನ ರಫ್ತು 2015–16ಕ್ಕೆ 4,000 ಕೋಟಿಗೂ ಕೆಳಗಿಳಿಯಿತು. ಬಿಕಾನೇರಿನ ರೈತನಿಗೆ ತನ್ನ ಬೆಲೆ ಎಲ್ಲಿ ನಿರ್ಧಾರವಾಯಿತೆಂದು ಯಾರು ಹೇಳಬೇಕಿತ್ತು? ನಮ್ಮ ಕೃಷಿ ವಿಜ್ಞಾನಿಗಳೇ ಹೇಳಬೇಕಿತ್ತು. ಹೊಸ ಪ್ರದೇಶಗಳಿಗೂ ಆ ಬೆಳೆಯನ್ನು ಹಬ್ಬಿಸುವ ಉತ್ಸಾಹದಲ್ಲಿ ನಮ್ಮ ವೃತ್ತಿಬಾಂಧವರು ಅದನ್ನು ಸಾಕಷ್ಟು ಹೇಳಲಿಲ್ಲ.

ಪೆನ್ಸಿಲ್ವೇನಿಯಾಕ್ಕೆ ಮರಳೋಣ. ಒಳ್ಳೆಯದು ಏನೂ ಆಗಲಿಲ್ಲವೆಂದರೆ ಸುಳ್ಳಾದೀತು. ಸಾಲ ತೀರಿಸಿದವರು, ಕೊಟ್ಟಿಗೆಯ ಮಾಡು ಹೊದೆಸಿದವರು, ಜಮೀನು ಮಾರದೆ ಉಳಿಸಿಕೊಂಡವರು ಇದ್ದಾರೆ. 2012ರ ಕಾಯಿದೆಯಂತೆ ಪ್ರತಿ ಬಾವಿಗೂ ಶುಲ್ಕ ವಿಧಿಸಿ, ಅದರ ದೊಡ್ಡ ಪಾಲನ್ನು ಬಾವಿಗಳಿರುವ ಜಿಲ್ಲೆ, ಪಟ್ಟಣ, ಹಳ್ಳಿಗಳಿಗೆ ಹಂಚುತ್ತಾರೆ. ಈವರೆಗೆ ಒಟ್ಟು 200 ಕೋಟಿ ಡಾಲರಿಗೂ ಹೆಚ್ಚು ಸಂಗ್ರಹವಾಗಿದೆ. ಆದರೆ ಜಮೀನಿಲ್ಲದವನ ಪಾಡೇನು? ವಿಲಿಯಮ್ಸ್‌ಪೋರ್ಟ್ ಪಟ್ಟಣಕ್ಕೆ ಟೆಕ್ಸಾಸ್, ಓಕ್ಲಹೋಮಾಗಳಿಂದ ಕೆಲಸಗಾರರು ಬಂದಿಳಿದಾಗ ಮನೆಬಾಡಿಗೆ ಎರಡು ಪಟ್ಟು, ಮೂರು ಪಟ್ಟಾಯಿತು. ಬಾಡಿಗೆ ಮನೆಯ ಸ್ಥಳೀಯ ಬಡವರು ಊರು ಬಿಡಬೇಕಾಯಿತು. ಅವರಿಗೆ ಗುತ್ತಿಗೆ ಹಣವಿಲ್ಲ, ರಾಜಧನವಿಲ್ಲ. ಲಾರಿಯ ಧೂಳು ಮಾತ್ರ ಸಮಪಾಲು.

ಹಸುಗಳ ಲೆಕ್ಕವೂ ಗಮನಾರ್ಹ. 2007ರಿಂದ 2010ರವರೆಗೆ 150ಕ್ಕೂ ಹೆಚ್ಚು ಮಾರ್ಸೆಲಸ್ ಬಾವಿಗಳಿದ್ದ ಜಿಲ್ಲೆಗಳಲ್ಲಿ ಹಾಲಿನ ಹಸುಗಳ ಸಂಖ್ಯೆ ಸರಾಸರಿ ಶೇಕಡಾ 19ರಷ್ಟು ಇಳಿಯಿತೆಂದು ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಅಧ್ಯಯನ ತೋರಿಸಿತು. ಬಾವಿಗಳಿಲ್ಲದ ಜಿಲ್ಲೆಗಳಲ್ಲಿ ಇಳಿಕೆ ಅತ್ಯಲ್ಪ. ಇದನ್ನು ಅನಿಲದ ಅಪರಾಧವೆಂದು ನಾನು ನೇರವಾಗಿ ಹೇಳಲಾರೆ. 2009ರಲ್ಲಿ ಹಾಲಿನ ಬೆಲೆಯೂ ಬಿದ್ದಿತ್ತು, ವಯಸ್ಸಾದವರು ಕೈಗೆ ಹಣ ಬಂದೊಡನೆ ಹಸು ಮಾರಿ ವಿಶ್ರಾಂತಿ ಬಯಸಿದ್ದು ಸಹಜವೇ. ಆದರೆ ಹಸು ಕಡಿಮೆಯಾದಂತೆ ಹಿಂಡಿ ಮಾರುವವನು, ಪಶುವೈದ್ಯ, ಹಾಲಿನ ಲಾರಿಯವನು ಕೂಡ ಹಿಂದೆ ಸರಿಯುತ್ತಾರೆ. ಬಾವಿ ಬತ್ತಿದ ಮೇಲೆ ಅವರನ್ನು ಮರಳಿ ಕರೆತರುವುದು ಸುಲಭವಲ್ಲ.

ರಾಜಕೀಯದ ಎಳೆ ವಾಷಿಂಗ್ಟನ್ನಿನಿಂದಲೇ ಹಿಡಿಯಬೇಕು. 2005ರ ಇಂಧನ ನೀತಿ ಕಾಯಿದೆಯು ಫ್ರ್ಯಾಕಿಂಗನ್ನು, ಡೀಸೆಲ್ ಬಳಸಿದ ಸಂದರ್ಭ ಹೊರತು, ಕುಡಿಯುವ ನೀರಿನ ಸುರಕ್ಷತಾ ಕಾಯಿದೆಯ ಕಟ್ಟುಪಾಡಿನಿಂದ ಹೊರಗಿಟ್ಟಿತು. ಆಗಿನ ಉಪಾಧ್ಯಕ್ಷ ಡಿಕ್ ಚೇನಿ ಹಿಂದೆ ಈ ಉದ್ಯಮದ ಹಾಲಿಬರ್ಟನ್ ಕಂಪನಿಯ ಮುಖ್ಯಸ್ಥರಾಗಿದ್ದುದರಿಂದ ಜನ ಅದನ್ನು ‘ಹಾಲಿಬರ್ಟನ್ ಕಿಂಡಿ’ ಎಂದು ಕರೆದರು. ಬಳಿಕ ಪೆನ್ಸಿಲ್ವೇನಿಯಾ, ಮೇಲೆ ಹೇಳಿದ 2012ರ ಕಾಯಿದೆಯಲ್ಲೇ, ಎಲ್ಲಿ ಕೊರೆಯಬಾರದೆಂದು ನಿರ್ಧರಿಸುವ ಊರಾಡಳಿತದ ಅಧಿಕಾರವನ್ನೂ ಕಸಿಯಿತು. ಒಂದು ಕೈಯಿಂದ ಶುಲ್ಕ, ಇನ್ನೊಂದು ಕೈಯಿಂದ ಬಾಯಿಗೆ ಬೀಗ. ಕೆಲವು ಊರುಗಳು ನ್ಯಾಯಾಲಯಕ್ಕೆ ಹೋದವು. ಶುದ್ಧ ಗಾಳಿ, ನೀರು ಜನರ ಹಕ್ಕೆಂದು 1971ರಲ್ಲೇ ಆ ರಾಜ್ಯದ ಸಂವಿಧಾನಕ್ಕೆ ಸೇರಿಸಿದ್ದ ವಿಧಿಗೆ 2013ರ ಡಿಸೆಂಬರಿನಲ್ಲಿ ಜೀವ ಬಂತು; ಆ ಬೀಗವನ್ನು ನ್ಯಾಯಾಲಯ ರದ್ದುಪಡಿಸಿತು.

ಅದೇ ಪದರಗಲ್ಲು ಪಕ್ಕದ ನ್ಯೂಯಾರ್ಕ್ ರಾಜ್ಯದ ಅಡಿಯಲ್ಲೂ ಇದೆ. ಅಲ್ಲಿ ಡ್ರೈಡನ್ ಎಂಬ ಪುಟ್ಟ ಊರು 2011ರಲ್ಲಿ ತನ್ನ ಸೀಮೆಯಲ್ಲಿ ಕೊರೆಯಬಾರದೆಂದು ನಿಯಮ ಮಾಡಿತು. ಕಂಪನಿ ದಾವೆ ಹೂಡಿ 2014ರ ಜೂನಿನಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯದಲ್ಲಿ ಸೋತಿತು. ಅಷ್ಟರಲ್ಲಿ ನೂರಕ್ಕೂ ಹೆಚ್ಚು ಊರುಗಳು ಡ್ರೈಡನ್ನಿನ ದಾರಿ ಹಿಡಿದಿದ್ದವು. ಅದೇ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರವೇ ನಿಷೇಧ ಸಾರಿತು, 2020ರಲ್ಲಿ ಅದು ಶಾಸನವಾಯಿತು. ಆದರೆ ಗಡಿಯಂಚಿನ ರೈತರು ಇಂದಿಗೂ ಆಚೆಯವರ ಹಣ ನೋಡಿ ನಿಟ್ಟುಸಿರಿಡುತ್ತಾರೆ. ನ್ಯೂಯಾರ್ಕ್ ಮಹಾನಗರ ಚಳಿ ಕಾಯಿಸುವುದು ಬಹಳಷ್ಟು ಪೆನ್ಸಿಲ್ವೇನಿಯಾದ ಅನಿಲದಿಂದಲೇ. ನಮ್ಮ ಕಾವೇರಿ ಇಳಿದು ಹೋಗುವ ತಂಜಾವೂರು ಸೀಮೆಯಲ್ಲೂ ರೈತರ ದೀರ್ಘ ಹೋರಾಟದ ನಂತರ, 2020ರಲ್ಲಿ ತಮಿಳುನಾಡು ಶಾಸನ ಮಾಡಿ ಹೊಸ ತೈಲ, ಅನಿಲ ಶೋಧನೆಯನ್ನು ತಡೆಯಿತು.

ಕೊನೆಯದಾಗಿ ಡಿಮೋಕ್‌ನ ನೀರು. 2009ರ ಜನವರಿ 1ರಂದು ಅಲ್ಲಿನ ಒಂದು ಮನೆಯ ಕುಡಿಯುವ ನೀರಿನ ಬಾವಿ ಸ್ಫೋಟಿಸಿತು, ನೀರಿನಲ್ಲಿ ಮೀಥೇನ್ ಸೇರಿತ್ತು. ಆಳದಲ್ಲಿ ಕಲ್ಲು ಸೀಳಿದ್ದಕ್ಕಿಂತ, ಕೊಳವೆಯ ಸುತ್ತಲಿನ ಸಿಮೆಂಟು ಕೆಲಸದ ದೋಷದಿಂದ ಅನಿಲ ಮೇಲೆ ನುಸುಳಿತೆಂಬುದೇ ಹೆಚ್ಚು ಸಂಭವನೀಯ ವಿವರಣೆ. ಅಲ್ಲಿ ಮೀಥೇನ್ ಮೊದಲಿನಿಂದಲೂ ಇತ್ತೆಂದು ಕಂಪನಿ ವರ್ಷಗಟ್ಟಲೆ ವಾದಿಸಿತು. ಆ ಮಾತು ಪೂರ್ತಿ ಪೊಳ್ಳೂ ಅಲ್ಲ, ಆ ಸೀಮೆಯ ಕೆಲವು ಬಾವಿಗಳಲ್ಲಿ ಸಹಜವಾಗಿಯೇ ಮೀಥೇನ್ ಇರುತ್ತದೆ. ಆದರೆ ಎಷ್ಟಿತ್ತು? ಕೊರೆಯುವ ಮೊದಲು ತನ್ನ ನೀರನ್ನು ತಾನೇ ಅಳೆದಿಟ್ಟುಕೊಳ್ಳದ ಮನೆಯವನ ಕೈಯಲ್ಲಿ ಉತ್ತರವಿರಲಿಲ್ಲ. ಪ್ರಕರಣ ಮುಗಿಯಲು 2022ರ ನವೆಂಬರ್ ಬರಬೇಕಾಯಿತು. ಆಗ ಆ ಕಂಪನಿಯ ಉತ್ತರಾಧಿಕಾರಿ ಸಂಸ್ಥೆ ಆರೋಪವನ್ನು ಪ್ರತಿವಾದಿಸದೆ, ಊರಿಗೆ ನೀರಿನ ಕೊಳವೆ ಹಾಕಲು ಸುಮಾರು 1.6 ಕೋಟಿ ಡಾಲರ್ ಕೊಡಲು ಒಪ್ಪಿತು. ಹದಿಮೂರು ವರ್ಷಗಳು ಕಳೆದಿದ್ದವು.

ನಮ್ಮಲ್ಲಿಗೆ ಅನಿಲದ ಕಂಪನಿ ಬಾರದು. ಕಲ್ಲುಕ್ವಾರಿ ಬಂದೀತು, ಸುರಂಗ ಬಂದೀತು, ಹೊಳೆ ತಿರುಗಿಸುವ ಯೋಜನೆ ಬಂದೀತು. ಅಂದು ನಿಮ್ಮ ಅಬ್ಬಿಯಲ್ಲಿ ಮೊದಲು ನೀರೆಷ್ಟಿತ್ತೆಂದು ಯಾರಾದರೂ ಕೇಳಿದರೆ, ಅಜ್ಜನ ಕಾಲದಲ್ಲಿ ಬೇಕಾದಷ್ಟಿತ್ತು ಎಂಬ ಉತ್ತರ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ವಿದ್ಯಾರ್ಥಿ ಮಿತ್ರರಲ್ಲಿ ನನ್ನದೊಂದು ಬೇಡಿಕೆ. ಹತ್ತು ಲೀಟರ್ ಬಕೆಟ್, ಒಂದು ಗಡಿಯಾರ, ಒಂದು ಪುಸ್ತಕ. ಬಕೆಟ್ ತುಂಬಲು ಎಷ್ಟು ಸೆಕೆಂಡು ಬೇಕೆಂದು ನವೆಂಬರಿನಲ್ಲೊಮ್ಮೆ, ಏಪ್ರಿಲಿನಲ್ಲೊಮ್ಮೆ ಪ್ರತಿ ಅಬ್ಬಿಯಲ್ಲೂ ಬರೆದು, ದಿನಾಂಕ ಹಾಕಿ, ಇಬ್ಬರು ಹಿರಿಯರ ಸಹಿ ಪಡೆದು, ಒಂದು ಪ್ರತಿಯನ್ನು ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ನೀರಿನಲ್ಲಿ ಕರಗಿದ ಲವಣವನ್ನು ತೋರಿಸುವ ಸಣ್ಣ ಮಾಪಕ ನನ್ನ ಚೀಲದಲ್ಲಿದೆ. ಚಹಾ ಮುಗಿದ ಮೇಲೆ ಈ ಕಟ್ಟಡದ ಹಿಂದಿನ ಅಬ್ಬಿಯಿಂದಲೇ ಆರಂಭಿಸಬಹುದು. ಬಕೆಟ್ ಮಾತ್ರ ಯಾರಾದರೂ ತರಬೇಕು.